ಎಳ್ಳಮಾಸಿಯ ದಿನ ಅಳೆದ ಹೊಲ

ಸರ್ವೆಯವನಿಗೆ ಯಾವ ಊರಿಗೆ ಹೋದರೂ ಮೊದಲು ಚಹಾ ಸಿಗುತ್ತದೆ, ಆಮೇಲೆ ಬೈಗುಳ. ಆ ಊರಿನಲ್ಲಿ ಮಾತ್ರ ಅಳತೆಯ ಚೈನಿನ ಚೀಲ ಕೆಳಗಿಡುವ ಮೊದಲೇ ನನ್ನ ಮುಂದೆ ತುಪ್ಪ ಸುರಿದ ಹೋಳಿಗೆ ಬಂತು. ಇಷ್ಟು ಮರ್ಯಾದೆ ಸಿಕ್ಕಿದರೆ ಎಲ್ಲೋ ಎಡವಟ್ಟಿದೆ ಎಂದು ತಿಳಿಯುವಷ್ಟು ಬುದ್ಧಿ ನನಗೆ ಆಗಲೇ ಬಂದಿತ್ತು. ಆದರೂ ತಿಂದೆ. ಸೇಡಂನಿಂದ ಬಸ್ಸು ಹಿಡಿದು ಕೊಡ್ಲಿಯಲ್ಲಿಳಿದು, ಅಲ್ಲಿಂದ ಬಂಡಿಯಲ್ಲಿ ಕುಲುಕಿಕೊಂಡು ಬಂದವನಿಗೆ ಹಸಿವೆಯೂ ಇರುತ್ತದೆ.

ಊರು ಕೊಡ್ಲಿಯಿಂದ ಮೂಡಲಕ್ಕೆ, ಎರೆಭೂಮಿ ಮುಗಿದು ಕುರುಚಲು ಕಾಡು ಶುರುವಾಗುವ ಕಡೆ. ಕಾಡು ದಾಟಿದರೆ ಆಂಧ್ರ. ಹೆಸರು ಹೇಳುವುದಿಲ್ಲ. ಉಳುವವನೇ ಒಡೆಯ ಎಂಬ ಕಾನೂನು ಬಂದು ಕೆಲವು ವರ್ಷವಾಗಿತ್ತು. ಊರಿನ ಗೌಡರ ಹೆಚ್ಚುವರಿ ಜಮೀನನ್ನು ಸರ್ಕಾರ ತೆಗೆದುಕೊಂಡು ಊರ ಹೊರಗಿನ ಕೇರಿಯ ಕೆಲವು ಮನೆಗಳಿಗೆ ಮಂಜೂರು ಮಾಡಿತ್ತು. ಅದನ್ನು ಅಳೆದು, ತುಂಡು ಮಾಡಿ, ಮೂಲೆಗೆ ಬಾಂದುಕಲ್ಲು ನೆಟ್ಟು, ಒಬ್ಬೊಬ್ಬರನ್ನೂ ಅವರವರ ಹೊಲದಲ್ಲಿ ನಿಲ್ಲಿಸಿ, ಸಾಕ್ಷಿಗಳ ಎದುರು ಪಂಚನಾಮೆ ಬರೆದು ಸ್ವಾಧೀನ ಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಮಂಜೂರಾದವರಲ್ಲಿ ಮೊದಲನೆಯವಳು ಒಬ್ಬ ವಿಧವೆ. ಗಂಡ ಗೌಡರ ಜೀತದಲ್ಲೇ ಸತ್ತವನು. ಊರವರೆಲ್ಲ ಅವಳನ್ನು ದೊಡ್ಡಾಕಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ಸರ್ವೆಯವನು ಗೌಡರ ವಾಡೆಯಲ್ಲೇ ಇಳಿಯುವುದು ನಮ್ಮ ಕಡೆಯ ರೂಢಿ. ನನ್ನ ಹಣೆಯ ಮೇಲಿನ ವಿಭೂತಿ ನೋಡಿ ಗೌಡರಿಗೆ ಸಮಾಧಾನವಾಗಿತ್ತು. ಅವರು ಕೂಗಾಡುವ ಮನುಷ್ಯರಲ್ಲ. ಗಡಿಯಾಚೆ ಒಬ್ಬ ಜಮೀನುದಾರ ದೊರೆಯ ಮನೆಗೆ ಅಣ್ಣಗಳು ಬೆಂಕಿ ಇಟ್ಟ ಸುದ್ದಿ ಕೇಳಿದಾಗಿನಿಂದ ನಿದ್ದೆ ಬರುತ್ತಿಲ್ಲವೆಂದು ಹೇಳಿಕೊಂಡರು. ಆ ಕಡೆಯ ಕಾಡಿನಲ್ಲಿ ಬಂದೂಕು ಹಿಡಿದು ತಿರುಗುವವರನ್ನು ಜನ ಅಣ್ಣಗಳು ಎಂದೇ ಕರೆಯುತ್ತಿದ್ದರು. ಅವರ ಹೆಸರು ಎತ್ತಿದ ಮೇಲೆ ಗೌಡರು ಎದ್ದು ಹೋಗಿ ವಾಡೆಯ ಬಾಗಿಲಿನ ಅಗುಳಿ ನೋಡಿ ಬಂದರು, ಅದು ನಾಟಕವಲ್ಲ. ಕಡೆಗೆ ಎಲೆಅಡಿಕೆ ತಟ್ಟೆ ನನ್ನ ಕಡೆ ಸರಿಸಿ ಮೆಲ್ಲಗೆ ಹೇಳಿದರು: "ನೀವು ನಮ್ಮವರೇ ಇದ್ದೀರಿ ಸಾಹೇಬ್ರ. ಚೈನು ಜರಾ ಢಿಲಾ ಹಿಡದ್ರ ಯಾರಿಗೂ ತ್ರಾಸ ಇಲ್ಲ."

ಮರುದಿನ ಚೈನು ಹಿಡಿಯಲು ಇಬ್ಬರು ಆಳುಗಳನ್ನು ಅವರೇ ಕಳಿಸಿದರು. ಖಾಕಿ ಚಡ್ಡಿ, ಹೆಗಲ ಮೇಲೆ ಒಂದೇ ಥರದ ಕಂಬಳಿ, ಕೈಯಲ್ಲಿ ಕಬ್ಬಿಣದ ಬಳೆ ಹಾಕಿದ ಕೋಲು. ಬೆಳೆ ರಕ್ಷಣಾ ದಳದವರಂತೆ. ಅಳೆಯಬೇಕಾದ ಹೊಲ ನೋಡಿದರೆ ಆ ವರ್ಷ ಬಿತ್ತಿಯೇ ಇಲ್ಲ, ಬೀಳು ಬಿದ್ದಿದೆ. ಬೆಳೆಯೇ ಇಲ್ಲದ ಹೊಲಕ್ಕೆ ಬೆಳೆ ಕಾವಲು ಕಂಡವನು ನಾನೊಬ್ಬನೇ ಇರಬೇಕು.

ಇಬ್ಬರಲ್ಲಿ ಒಬ್ಬ ಕುರುಬರ ಹುಡುಗ, ಮೀಸೆ ಬಂದು ಮದುವೆಗೆ ಕಾದವನು. ಮಾತುಗಾರ. ಆ ದಳ ಹೇಗೆ ಹುಟ್ಟಿತೆಂಬುದು ತಿಳಿದದ್ದು ಅವನಿಂದಲೇ. ಮೊದಲು ಒಂದೊಂದು ಹೊಲಕ್ಕೆ ಒಬ್ಬೊಬ್ಬ ಕಾವಲಿನವನಿದ್ದ. ಸುಗ್ಗಿಯಲ್ಲಿ ಜೋಳದ ತೆನೆ ಕೊಟ್ಟರೆ ಮುಗಿಯಿತು. ದನ ಹೊಡೆಯುವುದು, ಹಕ್ಕಿ ಓಡಿಸುವುದು, ಅಷ್ಟೇ ಕೆಲಸ. ಕಾನೂನು ಬಂದ ಮೇಲೆ ಗೌಡರು ಎಲ್ಲರನ್ನೂ ಒಂದೇ ಕಡೆ ಕೂಡಿಸಿ ಕಂಬಳಿ ಕೊಟ್ಟರು, ಹೆಸರು ಕೊಟ್ಟರು, ಬಂದೂಕು ಹಿಡಿದ ಒಬ್ಬ ಮುಕಾದಮನನ್ನು ಮೇಲೆ ಇಟ್ಟರು. ದನ ಹೊಡೆಯುವವರು ಮಂದಿ ಹೊಡೆಯಲು ಕಲಿತರು. ಈ ಹುಡುಗನ ಅಪ್ಪ ಅದೇ ಗೌಡರ ಹೊಲವನ್ನು ಪಾಲಿಗೆ ಮಾಡುತ್ತಿದ್ದವನು. ಕೋರ್ಟು ಕಚೇರಿ ಯಾಕೆ, ನಿನ್ನ ಮಗನಿಗೆ ಕಾಯಂ ಕೆಲಸ ಕೊಡುತ್ತೇನೆ ಎಂದು ಗೌಡರು ಹೇಳಿದ್ದಕ್ಕೆ ಆತ ಹೊಲ ತನ್ನದೆಂದು ಅರ್ಜಿ ಹಾಕಲಿಲ್ಲ. ಹೊಲ ಹೋಯಿತು, ಅಪ್ಪನೂ ಹೋದ, ಮಗನ ಕೈಗೆ ಕೋಲು ಬಂತು. ಇದನ್ನು ಅವನು ನಗುತ್ತಲೇ ಹೇಳಿದ.

ನಮ್ಮ ಚೈನು ಮೂವತ್ತಮೂರು ಅಡಿಯದು. ಕಬ್ಬಿಣದ ಕೊಂಡಿ ಎಳೆದೂ ಎಳೆದೂ ಉದ್ದವಾಗುತ್ತದೆಂದು ದಿನಾ ಬೆಳಿಗ್ಗೆ ನೆಲಕ್ಕೆ ಹೊಡೆದ ಎರಡು ಗೂಟಗಳ ನಡುವೆ ಹಿಡಿದು ನೋಡಿಯೇ ನಾನು ಕೆಲಸ ಶುರು ಮಾಡುವುದು. ಮೂರು ಊರಿನ ಸೀಮೆ ಕೂಡುವ ಹಳೆಯ ಕಲ್ಲಿನಿಂದ ಗೆರೆ ಹಿಡಿದೆವು. ಹೊಲದ ಉದ್ದ ಸರಿ ಬಂತು, ಅಗಲ ಸರಿ ಬಂತು, ಮೂಲೆಯಿಂದ ಮೂಲೆಗೆ ಹಿಡಿದರೆ ಕೂಡಲಿಲ್ಲ. ಮತ್ತೆ ಹಿಡಿದರೂ ಇಲ್ಲ. ಬಗ್ಗಿ ಚೈನಿನ ಗುಂಟ ನೋಡಿದೆ: ನಡುವೆ ತೊಟ್ಟಿಲಿನ ಹಾಗೆ ಸಡಿಲವಾಗಿ ಜೋತುಬಿದ್ದಿದೆ. ಢಿಲಾ ಎಂದಿದ್ದ ಗೌಡರ ಮಾತನ್ನು ಇವರು ಅಕ್ಷರಶಃ ನಡೆಸುತ್ತಿದ್ದರು. ಒಂದೊಂದು ಚೈನಿಗೆ ಒಂದು ಗೇಣು ಒಳಗೆ ಬಂದರೂ ಬಡವರ ಹೊಲದಲ್ಲಿ ಎಷ್ಟೋ ಸಾಲು ಜೋಳ ಹೋಗುತ್ತದೆ. ನನಗೆ ಪಿತ್ತ ನೆತ್ತಿಗೇರಿತು. ಇಬ್ಬರಿಗೂ ಅವರ ಏಳು ತಲೆಮಾರು ನೆನಪಾಗುವ ಹಾಗೆ ಬೈದು ಮೊದಲಿನಿಂದ ಅಳೆಸಿದೆ. ಕುರುಬರ ಹುಡುಗ ಬೈಸಿಕೊಂಡ ಮೇಲೆ ಚೈನನ್ನು ತಂತಿಯಂತೆ ಬಿಗಿ ಹಿಡಿದ. ಸಂಜೆಯೊಳಗೆ ಶಹಾಬಾದಿನಿಂದ ತರಿಸಿದ ಕಲ್ಲುಗಳನ್ನು ಮೂಲೆಮೂಲೆಗೆ ನೆಟ್ಟೆವು. ಪ್ರತಿ ಕಲ್ಲಿನ ಕೆಳಗೂ ಹಿಡಿ ಇದ್ದಿಲು ಹಾಕಿಸಿದೆ. ಕಲ್ಲು ಕೀಳುವವನು ಇದ್ದಿಲು ಮರೆಯುತ್ತಾನೆ, ಇದ್ದಿಲು ಕೊಳೆಯುವುದಿಲ್ಲ. ನಮ್ಮ ಇಲಾಖೆಯ ಹಳೇ ಬುದ್ಧಿ ಅದು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೆಳಗಾಗುವುದರಲ್ಲಿ ಕಲ್ಲುಗಳೆಲ್ಲ ಹಳ್ಳದಲ್ಲಿ ಬಿದ್ದಿದ್ದವು. ದಳದವರು ಬದುವಿನ ಮೇಲೆ ಸಾಲಾಗಿ ಕೂತು ಬೀಡಿ ಸೇದುತ್ತಿದ್ದರು, ನಡುವೆ ಮುಕಾದಮ, ತೊಡೆಯ ಮೇಲೆ ಬಂದೂಕು. ಚೈನು ಹಿಡಿಯಲು ಊರಿನ ಒಬ್ಬನೂ ಬರಲಿಲ್ಲ. ದುಪ್ಪಟ್ಟು ಕೂಲಿ ಕೊಡುತ್ತೇನೆಂದರೂ ಒಬ್ಬನಿಗೆ ಸೊಂಟ ನೋವು, ಇನ್ನೊಬ್ಬನಿಗೆ ಬೀಗರು ಬರುವವರಿದ್ದರು.

ಕೇರಿಗೆ ಹೋದರೆ ಅಲ್ಲಿ ಬೇರೆಯೇ ಗಾಳಿ. ದೊಡ್ಡಾಕಿಯ ಮಗ ವಾಡಿ ಪಟ್ಟಣದ ಕಲ್ಲಿನ ಖಣಿಯಲ್ಲಿ ಕೂಲಿ ಮಾಡಿ ಬಂದವನು. ಅವನ ಸುತ್ತ ಅವನ ವಯಸ್ಸಿನ ಹುಡುಗರು ಕೂತಿದ್ದರು, ನಾನು ಹೋದದ್ದಕ್ಕೆ ಏಳಲಿಲ್ಲ. ಅವನು ತಣ್ಣಗೆ ಹೇಳಿದ: "ನೀವು ಕಲ್ಲು ಹಾಕ್ರಿ, ಅವರು ಕೀಳಲಿ. ಆಮ್ಯಾಲ ನಾವೇನು ಹಾಕಬೇಕು ಅಂತ ಗಡಿ ಆಚೀ ಕಡೀಯವ್ರು ಹೇಳಿಕೊಡ್ತಾರ." ಅವನ ತಾಯಿ ಒಲೆಯ ಮುಂದೆ ಕೂತಿದ್ದಳು. ಆ ಮಾತು ಕೇಳಿ ಅವಳು ತಟ್ಟಿದ ರೊಟ್ಟಿ ಹಂಚಿನ ಮೇಲೆಯೇ ಸೀದುಹೋಯಿತು, ತಿರುವಲಿಲ್ಲ. ಹೊಲ ಸಿಗದಿದ್ದರೆ ಈ ಮನೆಯಿಂದ ಒಬ್ಬ ಕಾಡು ಸೇರುತ್ತಾನೆಂದು ನನಗೆ ಅಲ್ಲೇ ಗೊತ್ತಾಯಿತು. ಅವಳಿಗೆ ಮೊದಲೇ ಗೊತ್ತಿತ್ತು.

ಸೇಡಂನ ಕಚೇರಿಗೆ ಮರಳಿ ಎಲ್ಲ ಹೇಳಿದೆ. ನಮ್ಮ ಸಾಹೇಬರು ಒಳ್ಳೆಯವರೇ, ನಿವೃತ್ತಿಗೆ ಹತ್ತಿರದವರು. ಪೊಲೀಸರನ್ನು ಕರೆದರೆ ಬೆಂಕಿಗೆ ತುಪ್ಪ ಸುರಿದ ಹಾಗೆ ಆಗುತ್ತದೆ, ಅಳತೆ ಹೇಗೂ ಆಗಿದೆಯಲ್ಲ, ಸ್ವಾಧೀನ ಕೊಟ್ಟಿದೆ ಎಂದು ಇಲ್ಲಿಂದಲೇ ಬರೆದುಬಿಡಿ, ಮುಂದೆ ಕೋರ್ಟು ನೋಡಿಕೊಳ್ಳಲಿ ಎಂದರು. ನಾಡಿನಲ್ಲಿ ಹಾಗೆ ಬರೆದ ಹೊಲ ಎಷ್ಟೋ ಇವೆ. ಮಂಜೂರಾದವನ ಬಳಿ ಕಾಗದ, ಗೌಡನ ಬಳಿ ಭೂಮಿ.

ನಾನು ಯೋಚನೆ ಮಾಡುತ್ತ ಹೊರಗೆ ಬಂದರೆ ಜಗಲಿಯ ಕಂಬಕ್ಕೊರಗಿ ದೊಡ್ಡಾಕಿ ಕೂತಿದ್ದಾಳೆ. ಊರಿನಿಂದ ನಡೆದೇ ಬಂದಿದ್ದಾಳೆ. ಸಾಹೇಬರು ಹೇಳಿದ್ದನ್ನು ಅವಳಿಗೆ ಮುಚ್ಚಿಡದೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ಸಣ್ಣ ಮಗುವಿಗೆ ಕೇಳುವ ಹಾಗೆ ಕೇಳಿದಳು: "ಕಾಗದದಾಗ ಜ್ವಾಳ ಬೆಳೀತದೇನ್ರಿ, ಸಾಹೇಬ್ರ?" ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋದು ಸುಳ್ಳಲ್ಲ ಎಂದು ಒಂದು ಕುಟುಕೂ ಕುಟುಕಿದಳು. ಪೂಜಾರಿ ನಾನು. ಬಳಿಕ ಸೆರಗು ಕೊಡವಿ ಎದ್ದು ಎಳ್ಳಮಾಸಿಯ ದಿನ ಬರ್ರಿ ಎಂದಳು. "ಅವತ್ತು ಹೊಲಕ್ಕ ಹೋಗಬ್ಯಾಡ ಅಂತ ಯಾರೂ ಯಾರಿಗೂ ಅನ್ನಂಗಿಲ್ಲ. ಚೈನು ನಾವು ಹೆಣ್ಣುಮಕ್ಕಳು ಹಿಡೀತೀವಿ."

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಸರ್ಕಾರದ ರಜೆಯೇನಲ್ಲ, ಆದರೆ ನಮ್ಮ ಕಡೆ ಆ ದಿನ ಮನೆಯಲ್ಲಿ ಇರುವುದು ಬೆಕ್ಕು ಮಾತ್ರ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಉಣ್ಣಿಸಿ, ಅಲ್ಲೇ ಉಂಡು ಬರುತ್ತಾರೆ. ಸುತ್ತಲ ಹೊಲಗಳಲ್ಲಿ ಜನವಿರುತ್ತಾರೆ, ಎಲ್ಲರ ಕಣ್ಣೆದುರೇ ಅಳೆದ ಹಾಗಾಗುತ್ತದೆ. ಅವಳ ಲೆಕ್ಕ ನನ್ನ ಚೈನಿಗಿಂತ ಬಿಗಿಯಾಗಿತ್ತು. ಒಳಗೆ ಹೋಗಿ ಸಾಹೇಬರಿಗೆ ಕಚೇರಿಯಿಂದ ಬರೆಯಲು ನನ್ನ ಕೈ ಬರುವುದಿಲ್ಲ, ಅಮಾಸಿಯ ದಿನ ಹೋಗುತ್ತೇನೆ ಎಂದೆ. ಏನಾದರೂ ಆದರೆ ಜವಾಬ್ದಾರಿ ನಿಮ್ಮದು ಎಂದರು. ಆಗಲಿ ಎಂದೆ.

ಎಳ್ಳಮಾಸಿಯ ಬೆಳಿಗ್ಗೆ, ಈ ಸಲ ವಾಡೆಗೆ ಹೋಗದೆ ಸೀದಾ ಹೊಲಕ್ಕೆ ಹೋದೆ. ಸುತ್ತೆಲ್ಲ ಜೋಳ ಹಸಿರಾಗಿ ನಿಂತಿದೆ, ತೊಗರಿ ಆಳೆತ್ತರ ಒಣಗಿ ಗಲಗಲ ಅನ್ನುತ್ತಿದೆ, ನಡುವೆ ಈ ಬೀಳು. ಎರೆ ಒಡೆದು ಕೈ ಹೋಗುವಷ್ಟು ಬಿರುಕು. ಸುದ್ದಿ ಮುಟ್ಟಿ ದಳದವರು ಮೊದಲೇ ಬಂದು ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಕುರುಬರ ಹುಡುಗನೂ ಆ ಸಾಲಿನಲ್ಲಿದ್ದ, ನನ್ನ ಕಡೆ ನೋಡಲಿಲ್ಲ. ಎದುರು ಬದಿಯ ತೊಗರಿಯಲ್ಲಿ ಏನೋ ಅಲುಗಾಡಿತು. ದೊಡ್ಡಾಕಿಯ ಮಗ ಮತ್ತವನ ಗೆಳೆಯರು ಕೊಡಲಿ ಹಿಡಿದು ಒಳಗೆ ಕೂತಿದ್ದಾರೆಂದು ಕೇರಿಯ ಹೆಂಗಸೊಬ್ಬಳು ಪಿಸುಗುಟ್ಟಿದಳು. ಒಂದು ಕಡೆ ಬಂದೂಕು, ಒಂದು ಕಡೆ ಕೊಡಲಿ, ನಡುವೆ ನಾನೂ ನನ್ನ ಚೈನೂ. ಮನೆದೇವರಿಗೆ ಒಂದು ಹರಕೆ ಹೊತ್ತೆ.

ಹೆಂಗಸರು ಚೈನು ಹಿಡಿದರು. ಮೊದಲ ಸಲ ಹಿಡಿದವರು ಎಂದು ಯಾರೂ ಹೇಳುವಂತಿರಲಿಲ್ಲ. ಸೀರೆ ಕಚ್ಚೆ ಕಟ್ಟಿ, ಹಿಡಿಕೆಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಎಳೆದರೆ ಕಬ್ಬಿಣ ಕಿರ್ರೆನ್ನುತ್ತಿತ್ತು. ಒಂದೊಂದು ಮೂಲೆಗೂ ನೆಲ ಕೆದರಿದರೆ ಇದ್ದಿಲು ಕಪ್ಪಗೆ ಸಿಗುತ್ತಿತ್ತು. ಹಳ್ಳದಲ್ಲಿ ಬಿದ್ದ ಕಲ್ಲುಗಳನ್ನು ಹೊತ್ತು ತಂದು ಅಲ್ಲಲ್ಲೇ ನೆಡುತ್ತ ಬಂದರು. ದೊಡ್ಡಾಕಿಯ ತುಂಡಿನ ಕಡೆಯ ಮೂಲೆ ಮಾತ್ರ ಉಳಿಯಿತು. ಅದರ ಗೆರೆ ನೇರ ಹೋಗಿ ಮುಕಾದಮನ ಕಾಲಿಗೆ ಮುಟ್ಟಿತು. ಇದ್ದಿಲು ಅವನ ಕೆರದ ಕೆಳಗೆ.

ಜರಾ ಸರೀರಿ ಎಂದೆ. ಸರಿಯಲಿಲ್ಲ. ಸರ್ಕಾರದ ಕೆಲಸ ಎಂದೆ. ಬಂದೂಕನ್ನು ಹೆಗಲಿನಿಂದ ಇಳಿಸಿ ಅಡ್ಡ ಹಿಡಿದ. ತೊಗರಿಯಲ್ಲಿ ಮತ್ತೆ ಸಪ್ಪಳವಾಯಿತು, ಈ ಸಲ ಎಲ್ಲರಿಗೂ ಕೇಳಿಸಿತು. ಸಾಲಿನ ಕೋಲುಗಳು ಒಟ್ಟಿಗೆ ಎದ್ದವು. ಅಕ್ಕಪಕ್ಕದ ಹೊಲದ ಜನ ಉಣ್ಣುವುದು ಬಿಟ್ಟು ಎದ್ದು ನಿಂತರು. 

ದೊಡ್ಡಾಕಿ ಯಾರ ಕಡೆಯೂ ನೋಡಲಿಲ್ಲ. ತಲೆಯ ಮೇಲಿನ ಬುಟ್ಟಿ ಇಳಿಸಿದಳು. ಐದು ಹರಳು ಆರಿಸಿ ಪಾಂಡವರೆಂದು ಸಾಲಾಗಿ ಇಟ್ಟು, ಸುಣ್ಣದ ಬೊಟ್ಟು ಹಚ್ಚಿ, ಕೈ ಮುಗಿದಳು. ಸಜ್ಜೆಯ ಕಡಬು ಮುರಿದು, ಕಾಳು ತರಕಾರಿಯ ಭಜ್ಜಿ ಕಲಸಿ, ಭೂಮಿಗೆ ಚೆಲ್ಲುವ ಚರಗ ಮಾಡಿಕೊಂಡು ಎದ್ದಳು. ಚರಗ ಚೆಲ್ಲುವುದು ಬೆಳೆ ನಿಂತ ಹೊಲಕ್ಕೆ. ಬಿರುಕು ಬಿಟ್ಟ ಬೀಳಿಗೆ ಚೆಲ್ಲಿದ್ದನ್ನು ನಾನು ಅದೇ ಮೊದಲು ಕಂಡದ್ದು. ಮುಂದಿನವರು ಚರಗ ಚೆಲ್ಲುತ್ತ ಒಂದು ಕೂಗು ಹಾಕಬೇಕು, ಹಿಂದಿನ ಮಗನೋ ಮೊಮ್ಮಗನೋ ನೀರು ಚಿಮುಕಿಸುತ್ತ ಇನ್ನೊಂದು ಕೂಗಿನಿಂದ ಓಗೊಡಬೇಕು. ಅದರ ಅರ್ಥ ನಮ್ಮ ಅಜ್ಜಂದಿರಿಗೂ ಗೊತ್ತಿರಲಿಲ್ಲ, ಊರಿಗೊಂದು ಥರ ಕೂಗುತ್ತಾರೆ. ಓಗೊಡದೆ ಬಿಟ್ಟರೆ ಭೂಮಿ ಉಪವಾಸ ಎಂದು ನಂಬಿಕೆ.

"ಹುಲ್ಲುಲ್ಲಿಗೋ" ಎಂದು ಕೂಗಿ ಒಂದು ಹಿಡಿ ಚೆಲ್ಲಿದಳು.

ಹಿಂದೆ ಯಾರೂ ಇಲ್ಲ. ಓಗೊಡಬೇಕಾದ ಮಗ ತೊಗರಿಯಲ್ಲಿ ಕೊಡಲಿ ಹಿಡಿದು ಕೂತಿದ್ದಾನೆ. ಹೆಂಗಸರ ಬಾಯಿ ಕಟ್ಟಿಹೋಗಿದೆ. ಕೂಗು ಆ ಬಯಲಲ್ಲಿ ಒಂಟಿಯಾಗಿ ನಿಂತಿತು, ಅವಳೂ ಕೈ ಚಾಚಿದ ಹಾಗೇ ನಿಂತಳು.

"ಚಲಾಂಬರಿಗೋ."

ಬಂದದ್ದು ಕಾವಲಿನ ಸಾಲಿನಿಂದ. ಕುರುಬರ ಹುಡುಗ. ಬೇಕೆಂದು ಅಂದದ್ದಲ್ಲ, ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಅಪ್ಪನ ಹಿಂದೆ ನೀರಿನ ತಂಬಿಗೆ ಹಿಡಿದು ಓಗೊಟ್ಟು ಬೆಳೆದ ಬಾಯಿ, ಕೇಳಿದೊಡನೆ ತೆರೆದುಕೊಂಡುಬಿಟ್ಟಿತು. ಅಂದವನೇ ತುಟಿ ಕಚ್ಚಿಕೊಂಡ. ಆದರೆ ಓಗೊಟ್ಟಾಗಿತ್ತು. ಚರಗಕ್ಕೆ ಓಗೊಟ್ಟರೆ ಚೆಲ್ಲಿದವರ ಹೊಲ ಅದು ಎಂದು ಒಪ್ಪಿದ ಹಾಗೆ. ಅದನ್ನು ಅಲ್ಲಿ ನಿಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. 

ಅವಳು ಮತ್ತೆ ಕೂಗಿದಳು. ಈ ಸಲ ಸಾಲಿನಿಂದ ಇನ್ನೂ ಎರಡು ದನಿ ಬಂದವು, ಜೊತೆಗೆ ತೊಗರಿಯಿಂದ ಒಂದು. ಗಿಡ ಸರಿಸಿಕೊಂಡು ಅವಳ ಮಗ ಬರಿಗೈಯಲ್ಲಿ ಹೊರಬಂದ. ಯಾರೂ ಅವನನ್ನು ತಡೆಯಲಿಲ್ಲ. ನೀರಿನ ತಂಬಿಗೆ ಎತ್ತಿಕೊಂಡು ತಾಯಿಯ ಹಿಂದೆ ನಡೆದ. ಚೆಲ್ಲುತ್ತ ಚೆಲ್ಲುತ್ತ ಅವಳು ಮುಕಾದಮನ ಹತ್ತಿರ ಬಂದಳು. ಒಂದು ಹಿಡಿ ಅವನ ಕಾಲ ಬಳಿಯೇ ಬಿತ್ತು. ಸರ್ಕಾರಕ್ಕೆ ಹೆದರದವನು ಅನ್ನಕ್ಕೆ ಹೆದರಿದ. ಚರಗ ತುಳಿಯುವ ಧೈರ್ಯ ನಮ್ಮ ಕಡೆ ಹುಟ್ಟಿದ ಯಾವನಿಗೂ ಇಲ್ಲ. ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು ಸರಿದ, ಬದು ಇಳಿದ. ನಾನು ಬಗ್ಗಿ ಕೆದರಿದೆ. ಇದ್ದಿಲು ಅಲ್ಲೇ ಇತ್ತು. ಕಲ್ಲು ನೆಟ್ಟೆವು.

ನಾನು ಎಷ್ಟೋ ಜಗಳ ಕಂಡವನು, ಕೋರ್ಟಿನಲ್ಲಿ ಸಾಕ್ಷಿ ಹೇಳಿದವನು. ಹೊಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೀಗೆ ಹೋದದ್ದನ್ನು ಬೇರೆಲ್ಲೂ ಕಂಡಿಲ್ಲ. ಅವಳನ್ನು ನೋಡುತ್ತ ಚೈನು ಸುತ್ತುವುದನ್ನೂ ಮರೆತು ನಿಂತಿದ್ದೆ.

ಊಟಕ್ಕೆ ಅವಳು ಎಲ್ಲರನ್ನೂ ಕರೆದಳು, ದಳದವರನ್ನೂ. ಎಳ್ಳಮಾಸಿಗೆ ಹೊಲದಲ್ಲಿ ನಿಂತವನನ್ನು ಉಣ್ಣದೆ ಕಳಿಸಬಾರದು. ಎಲ್ಲರೂ ಬಂದು ಕೂತರು ಎಂದು ಬರೆದರೆ ಸುಳ್ಳಾಗುತ್ತದೆ. ಜಾತಿ ಅಷ್ಟು ಸುಲಭಕ್ಕೆ ಬದು ಇಳಿಯುವುದಿಲ್ಲ. ಕುರುಬರ ಹುಡುಗ ಮಾತ್ರ ಒಂದು ಕಡಬು ಇಸಿದುಕೊಂಡು, ನಮಗೆ ಬೆನ್ನು ಮಾಡಿ ನಿಂತು ತಿಂದ. ನಾನು ಕೂತು ಉಂಡೆ. ಪಂಚನಾಮೆಗೆ ಸಾಕ್ಷಿ ಬೇಕು ಎಂದಾಗ ಅಕ್ಕಪಕ್ಕದ ರೈತರು ಒಬ್ಬೊಬ್ಬರೇ ಜಾರಿಕೊಂಡರು. ಅವನು ಬಂದು ಹೆಬ್ಬೆಟ್ಟು ಒತ್ತಿದ. ಹೇಗೂ ಬಾಯಿ ಹೋಗಿಯಾಗಿದೆ, ಬೆರಳು ಉಳಿಸಿಕೊಂಡು ಏನು ಮಾಡಲಿ ಎಂದು ನಕ್ಕ.

ಗೌಡರು ಅವನಿಂದ ಕೋಲು ಕಂಬಳಿ ಕಿತ್ತುಕೊಂಡರು. ಅವನೂ ಅವನ ತಾಯಿಯೂ ಇದ್ದ ಗುಡಿಸಲು ಅವರ ಜಾಗದಲ್ಲೇ ಇತ್ತು, ಅದೂ ಹೋಯಿತು. ಊರಲ್ಲಿ ಅವನನ್ನು ಯಾರೂ ಕೂಲಿಗೆ ಕರೆಯಲಿಲ್ಲ. ದಳ ಒಡೆಯಲಿಲ್ಲ, ಬೆಳೆಯಿತು. ಮುಂದೆ ಸುತ್ತಲ ಊರುಗಳ ಗೌಡರೂ ಅದೇ ಖಾಕಿ ಹೊಲಿಸಿದರು. ದೊಡ್ಡಾಕಿಯ ಮಗ ಹೊಲ ಹದ ಮಾಡುವುದರಲ್ಲಿ ಬಿದ್ದ. ಹೋಳಿಹುಣ್ಣಿಮೆ ಕಳೆಯುವ ಹೊತ್ತಿಗೆ ಕಾಡು ದಾಟಿ ಅಣ್ಣಗಳನ್ನು ಸೇರಿದ್ದು ಕುರುಬರ ಹುಡುಗ. ಯಾರು ಹೋಗಬಹುದೆಂದು ಊರೆಲ್ಲ ಕೇರಿಯ ಕಡೆ ಬೆರಳು ತೋರಿಸಿ ಕೂತಿತ್ತು. ಬದುವಿನ ಮೇಲೆ ನಿಂತವರೂ ತೊಗರಿಯಲ್ಲಿ ಕೂತವರೂ ಹೊಲವಿಲ್ಲದ ಮನೆಯ ಮಕ್ಕಳೇ ಎಂಬುದು ಅಲ್ಲಿಯವರೆಗೆ ನನ್ನ ತಲೆಗೂ ಹೊಳೆದಿರಲಿಲ್ಲ.

ಮರು ವರ್ಷ ಸುಗ್ಗಿ ಮುಗಿದ ಮೇಲೆ ಬೇರೊಂದು ಬದುವಿನ ತಕರಾರಿಗೆ ಆ ಊರಿಗೆ ಹೋಗಬೇಕಾಯಿತು. ದೊಡ್ಡಾಕಿ ಹೊಲದಲ್ಲೇ ಸಿಕ್ಕಳು. ಜೋಳ ಕೊಯ್ದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಬದುವಿನ ಆಚೆ ಒಬ್ಬಳು ಹೆಂಗಸು ನಿಂತಿದ್ದಳು, ಹತ್ತಿರವೂ ಬಾರದೆ, ದೂರವೂ ಹೋಗದೆ. ಆ ಹುಡುಗನ ತಾಯಿ ಎಂದು ದೊಡ್ಡಾಕಿ ಹೇಳಿದಳು. ಈಗ ಎಲ್ಲಿರುತ್ತಾಳೆ ಎಂದು ಕೇಳಿದೆ. 

"ನನ್ನ ಮಗ ಉಳದ, ಸಾಹೇಬ್ರ. ಆಕಿ ಮಗ ಹ್ವಾದ," ಎಂದಳು. ನನ್ನ ಹೆಗಲಿನ ಚೀಲ ನೋಡಿದಳು. "ನನ್ನದ್ರಾಗ ಆಕೀಗಿ ಅರ್ಧ ಅಳದ ಕೊಡ್ರಿ."

ಮಂಜೂರಾದ ಜಮೀನನ್ನು ಹಾಗೆ ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ, ಕಾನೂನು ಒಪ್ಪುವುದಿಲ್ಲ, ನಾನು ಅಳೆದರೆ ನನ್ನ ನೌಕರಿಗೇ ಕುತ್ತು ಎಂದು ತಿಳಿಸಿ ಹೇಳಿದೆ. ಎಲ್ಲವನ್ನೂ ತಲೆ ಹಾಕುತ್ತ ಕೇಳಿದಳು.

"ಕಾನೂನು ನೀವು ಆಮ್ಯಾಲ ನೋಡ್ಕೋರಿ. ಆ ತುದಿ ಹಿಡೀರಿ."

ಚೀಲ ಬಿಚ್ಚಿದೆ. ಚೈನಿನ ಒಂದು ಹಿಡಿಕೆಯನ್ನು ಅವಳು ಎದೆಗೊತ್ತಿ ನಿಂತಳು. ಇನ್ನೊಂದನ್ನು ಹಿಡಿದು ನಾನು ಬದುವಿನಾಚೆ ನಿಂತಿದ್ದ ಆ ತಾಯಿಯ ಕಡೆಗೆ ನಡೆದೆ.